ಗಂಜಿ ಕುಡಿದ ಪಾತ್ರೆ

ಅಮ್ಮಾ,

ಎಲ್ಲಿದ್ದರೂ ಇದನ್ನು ಯಾರ ಹತ್ತಿರವಾದರೂ ಓದಿಸಿಕೋ. ನಿನಗೆ ಅಕ್ಷರ ಬರುವುದಿಲ್ಲವೆಂದು ಎಷ್ಟು ಸಲ ಮೂಗು ಮುರಿದಿದ್ದೆ ನಾನು! ಈಗ ಕಾಗದ ಬರೆಯಲು ಕೂತರೆ ನಿನ್ನ ಮುಂದೆ ನನಗೇ ಅಕ್ಷರ ತಡವರಿಸುತ್ತಿದೆ.

ಆ ಮಧ್ಯಾಹ್ನ ನೆನಪಿದೆಯಾ? ತಲ್ಲೂರಿನ ನನ್ನ ಶೆಡ್ಡಿನಲ್ಲಿ ಜಪಾನಿನ ಮಾದರಿಯ ಅಡುಗೆ ಪಾತ್ರೆಗಳನ್ನು ಮೊದಲ ಸಲ ಸುಟ್ಟು ಮನೆಗೆ ತಂದಿದ್ದೆ. ಪುಸ್ತಕ, ವಿಡಿಯೊ ನೋಡಿ ಕಲಿತದ್ದು. ದಪ್ಪ ಮುಚ್ಚಳ, ಎರಡು ಪುಟ್ಟ ಕಿವಿ, ಬೂದು ಮೈ. ವಾರದೊಳಗೆ ಉಡುಪಿಯಲ್ಲಿ ಪ್ರದರ್ಶನ. ನೀರು ತುಂಬಿಸಿಟ್ಟರೆ ಎಲ್ಲದರ ತಳವೂ ಜಿನುಗಿತು. ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಮೀನು ಮಾರಿ ಬಂದಿದ್ದ ನೀನು ಬುಟ್ಟಿ ತೊಳೆಯುತ್ತಾ ನೋಡಿದೆ.

ಮಾರನೆಯ ದಿನ ಪೇಟೆಯಿಂದ ಬಂದರೆ, ಅವುಗಳಲ್ಲೇ ಚಂದದ ಪಾತ್ರೆ ನಿನ್ನ ಒಲೆಯ ಮೇಲಿತ್ತು. ಒಳಗೆ ಗಂಜಿಯ ತಿಳಿನೀರು ಕುದಿಯುತ್ತಿತ್ತು. ತಳವೆಲ್ಲ ಮಸಿ.

"ಎಂತ ಮಾಡ್ದೆ ಅಮ್ಮ? ಇದ್ ಮೀನ್ ಬೇಯ್ಸು ಪಾತ್ರಿ ಅಲ್ಲ, ಜಪಾನಿನ ಕಲೆ! ನಿಂಗೆ ಎಂತ ಗೊತ್ತಿತ್ತ್?"

"ಹೊಸ ಮಣ್ಣಿನ ಪಾತ್ರಿಗೆ ಮೊದ್ಲ್ ಗಂಜಿ ಕುಡ್ಸ್ಕ್ ಮಗ್ಳೆ. ಹೊಟ್ಟಿ ತುಂಬ್ದೆ ಅದ್ ನೀರ್ ಹಿಡ್ಕಂತಿಲ್ಲ" ಎಂದೆ ನೀನು. ಆಮೇಲೆ ಮೆಲ್ಲಗೆ, "ಬೇಯ್ಸುಕೆ ಅಲ್ದಿದ್ರೆ ಪಾತ್ರಿ ಮತ್ತೆಂತಕೆ?" ಎಂದು ನಕ್ಕೆ.

ಆ ನಗುವಿಗೆ ನನ್ನ ಸಿಟ್ಟು ನೆತ್ತಿಗೇರಿತು. ಉಳಿದ ಪಾತ್ರೆಗಳನ್ನು ನಿನ್ನೆದುರೇ ಅಂಗಳಕ್ಕೆ ಹಾಕಿ ಒಡೆದೆ. ಒಡೆಯದೆ ಉಳಿದ ಒಂದು ಮುಚ್ಚಳವನ್ನು ನೀನು ಹೆಕ್ಕಿ ಒಣಮೀನಿನ ಡಬ್ಬಿಗೆ ಮುಚ್ಚಿದೆ. ಮಸಿಯಾದ ಪಾತ್ರೆಯನ್ನು ನೀನೇ ತೊಳೆದು ಅಟ್ಟದ ಮೇಲಿಟ್ಟೆ. ತಿಂಗಳುಗಟ್ಟಲೆ ನಾನು ನಿನ್ನೊಡನೆ ನೆಟ್ಟಗೆ ಮಾತಾಡಲಿಲ್ಲ. ನಾಳೆ ಮಾತಾಡಿದರಾಯಿತು, ನಾಡಿದ್ದು ಮಾತಾಡಿದರಾಯಿತು ಅಂದುಕೊಳ್ಳುವಷ್ಟರಲ್ಲಿ ನೀನು...

ನೀನು ಹೋದ ಮರುವರ್ಷ ನಾನು ಜಪಾನಿಗೆ ಹೋದೆ. ಕಲಿಸಲು ಒಪ್ಪಿದ ಮುದುಕಿ ನಿನ್ನಷ್ಟೇ ಕುಳ್ಳಗಿದ್ದಳು. ಮೊದಲ ದಿನ ಹೊಸ ಪಾತ್ರೆಯೊಂದನ್ನು ಒಲೆಗಿಟ್ಟು, ನೀರು ಹೊಯ್ದು, ಹಿಡಿ ಅನ್ನ ಹಾಕಿ ಗಂಜಿ ಕಾಯಿಸಿದಳು. ಮಣ್ಣಿನ ಸಣ್ಣ ತೂತುಗಳನ್ನು ಗಂಜಿ ಮುಚ್ಚುತ್ತದೆ, ಇಲ್ಲದಿದ್ದರೆ ಸೋರುತ್ತದೆ ಎಂದಳು. "ನಮ್ಮೂರಲ್ಲೂ ಹೀಗೇ ಮಾಡುತ್ತಾರೆ" ಎಂದೆ. ಹಾಗೆ ಮಾಡಿದವಳಿಗೆ ನಾನು ಏನು ಮಾಡಿದೆ ಎಂದು ಹೇಳಲಿಲ್ಲ. ಹೇಳುವುದಾದರೂ ಹೇಗೆ?

ಅದಕ್ಕಿಂತ ದೊಡ್ಡ ತಪ್ಪು ನಿನ್ನೆ ಮಾಡಿದೆ. ಬ್ರಹ್ಮಾವರದಲ್ಲಿ ನನ್ನ ಪಾತ್ರೆಗಳ ಪ್ರದರ್ಶನ ನಡೆಯುತ್ತಿದೆ. ಬೈಂದೂರಿನ ಹೆಂಗಸೊಬ್ಬರು ಬಂದು, "ಹ್ವಾಯ್, ಇದ್ ಸೋರುದಿಲ್ಯಾ?" ಎಂದು ಕೇಳಿದರು. ಮೊದಲು ಗಂಜಿ ಕಾಯಿಸಬೇಕು, ಅದು ಜಪಾನಿನ ಪದ್ಧತಿ ಎಂದೆ.

ಅವರು ಗೊಳ್ಳೆಂದು ನಕ್ಕರು. "ಅದಕ್ಕ್ ಜಪಾನ್ ಎಂತಕೆ? ನಮ್ಮ್ ಅಮ್ಮ ಹೀಂಗೇ ಮಾಡ್ತಿದ್ರ್. ನಿಮ್ಮ್ ಅಮ್ಮ ಮಾಡ್ತಿರ್ಲಿಲ್ಯಾ?"

"ಇಲ್ಲ" ಎಂದುಬಿಟ್ಟೆ.

ಹೌದು ಎಂದಿದ್ದರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತಲ್ಲ, ಅದಕ್ಕೆ. ಆ ಒಂದು ಮಾತಿಗೆ ನನ್ನನ್ನು ನಾನೇ ಕ್ಷಮಿಸಲಾರೆ. ನೀನಾದರೆ ಕ್ಷಮಿಸುತ್ತಿದ್ದೆಯೇನೋ. ಅದೇ ಇನ್ನೂ ಸಂಕಟ.

ಇವತ್ತು ಬೆಳಿಗ್ಗೆ ಎದ್ದವಳೇ ಅಟ್ಟ ಹತ್ತಿ ಆ ಪಾತ್ರೆ ಇಳಿಸಿದೆ. ಕೋಡಿಯ ಮೀನು ಪೇಟೆಗೆ ಹೋಗಿ ಬಂಗುಡೆ ತಂದು ಅದರಲ್ಲೇ ಸಾರು ಮಾಡಿದೆ. ಹುಳಿ ನಿನ್ನಷ್ಟು ಹದವಾಗಿ ಹಾಕಲು ನನಗೆ ಬರುವುದಿಲ್ಲ, ತುಸು ಜಾಸ್ತಿಯೇ ಆಯಿತು. ನಾಳೆಯಿಂದ ಆ ಮಸಿ ಹಿಡಿದ ಪಾತ್ರೆ ಪ್ರದರ್ಶನದಲ್ಲಿ ಎಲ್ಲಕ್ಕಿಂತ ಮುಂದೆ ಇರುತ್ತದೆ. ಅದು ಮಾರಾಟಕ್ಕಲ್ಲ. ಅದರ ಪಕ್ಕದ ಚೀಟಿಯಲ್ಲಿ ಬರೆದಿದ್ದೇನೆ: "ಹೊಸ ಪಾತ್ರೆಗೆ ಮೊದಲು ಗಂಜಿ ಕುಡಿಸಬೇಕು. ಇದನ್ನು ಹೇಳಿಕೊಟ್ಟವಳು ಕೋಡಿಯಲ್ಲಿ ಮೀನು ಮಾರುತ್ತಿದ್ದ ನನ್ನ ಅಮ್ಮ. ನಾನು ಕೇಳಲಿಲ್ಲ." ಯಾರು ಕೇಳಿದರೂ ಉಳಿದದ್ದನ್ನೂ ಹೇಳುತ್ತೇನೆ.

ನಿನಗೆ ಗೊತ್ತಾಗದೇ ಉಳಿದ ಸುದ್ದಿ ಒಂದಿದೆ ಅಮ್ಮ. ಸಾರು ಕುದಿಸಿ, ಇಳಿಸಿ, ಪಾತ್ರೆಯ ಕೆಳಗೆ ಒಣ ಕಾಗದ ಹಾಸಿ ಮಧ್ಯಾಹ್ನದವರೆಗೆ ಕಾದೆ. ಆ ಕಾಗದದ ಮೇಲೇ ಇದನ್ನು ಬರೆಯುತ್ತಿದ್ದೇನೆ. ಒಂದು ಹನಿಯೂ ಸೋರಿಲ್ಲ.

ನಿನ್ನ ಮಗಳು