ರೇಡಿಯೊದಲ್ಲಿ ಲಾವ್ ಅವರ ಮಗಳು

ಫೆಲ್ಥಮ್, 10-3-1997

ಚಿಕ್ಕಮ್ಮ,

ನಿಮ್ಮ ಕಾಗದ ಬಂತು. ನಾವು ಚೆನ್ನಾಗಿದ್ದೇವೆ. ನನ್ನ ಬಿ.ಪಿ. ಹತೋಟಿಗೆ ಬಂದಿದೆ, ಇಲ್ಲಿನ ನಮ್ಮ ಡಾಕ್ಟರು ಒಂದು ಮಾತ್ರೆ ನಿಲ್ಲಿಸಿದ್ದಾರೆ.

ನಮ್ಮ ಫ್ಲ್ಯಾಟಿನ ಕೆಳಗೆ ಹಾಂಗ್‌ಕಾಂಗಿನ ಲಾವ್ ಎಂಬುವರ ಊಟದ ಅಂಗಡಿಯಿದೆ. ಅವರ ಒಬ್ಬಳೇ ಮಗಳು ವಾಯ್‌ಯಿನ್ ಅಂಗಡಿ ಬಿಟ್ಟು ನಾಟಕ ಕಲಿಯಲು ಹೋದಳೆಂದು ಆರು ವರ್ಷದಿಂದ ಅಪ್ಪ ಮಗಳಿಗೆ ಮಾತಿಲ್ಲ. ಟಿ.ವಿ.ಯಲ್ಲಿ ಅವಳಿಗೆ ಸಿಕ್ಕಿದ್ದೆಲ್ಲ ಹೋಟೆಲಿನಲ್ಲಿ ತಟ್ಟೆ ತಂದಿಡುವ ಪಾತ್ರಗಳೇ. ಈಗ ರೇಡಿಯೊ ನಾಟಕವೊಂದರಲ್ಲಿ ಇಂಗ್ಲಿಷ್ ಹಳ್ಳಿಯೊಂದರ ಡಾಕ್ಟರಾಗಿದ್ದಾಳೆ. "ಮುಖ ಕಾಣಲ್ವಲ್ಲ, ಅದಕ್ಕೇ ಕೊಟ್ರು" ಎಂದು ನನಗೆ ಫೋನಿನಲ್ಲಿ ಹೇಳಿದಳು; ನನ್ನೊಡನೆ ಅವಳು ಮಾತು ಬಿಟ್ಟಿಲ್ಲ. ನಾನು ಹೋಗಿ ಲಾವ್ ಅವರಿಗೆ ದಿನ, ಹೊತ್ತು ತಿಳಿಸಿದೆ. ಅವರು ಈರುಳ್ಳಿ ಹೆಚ್ಚುತ್ತಲೇ ಇದ್ದರು.

ಮೊನ್ನೆ ಶನಿವಾರ ಮಧ್ಯಾಹ್ನ ಹಾಲು ತರಲು ಇಳಿದರೆ ಅಂಗಡಿಯ ಬಾಗಿಲು ಹಾಕಿತ್ತು. ಗಾಜಿನೊಳಗಿಂದ ನನ್ನನ್ನು ಕಂಡು ಲಾವ್ ಒಳಗೆ ಕರೆದರು. ಕೌಂಟರಿನ ಮೇಲೆ ರೇಡಿಯೊ ಮಾತಾಡುತ್ತಿತ್ತು. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ.

"ಈಗ ಏನಂದ್ಲು?" ಎಂದು ಕೇಳಿದರು.

"ಹೆದರ್ಕೋಬೇಡಿ, ವಾಸಿಯಾಗತ್ತೆ ಅಂತ ರೋಗಿಗೆ ಹೇಳ್ತಿದ್ದಾಳೆ."

ಅವರು ತಲೆಯಾಡಿಸಿ ಸದ್ದು ಇನ್ನಷ್ಟು ಏರಿಸಿದರು. ಅಷ್ಟರಲ್ಲಿ ಯಾರೋ ಗಿರಾಕಿ ಬಾಗಿಲು ಬಡಿದ. ಲಾವ್ ಎದ್ದುಹೋಗಿ, ಬಾಗಿಲನ್ನು ಒಂದಿಷ್ಟೇ ತೆರೆದು, "ಆಮೇಲೆ ಬನ್ನಿ. ನನ್ನ ಮಗಳು ಮಾತಾಡ್ತಿದ್ದಾಳೆ" ಎಂದರು.

ಕಾರ್ಡು ತುಂಬಿತು. ಅಂಚೆಡಬ್ಬಿ ತೆರೆಯುವ ಹೊತ್ತೂ ಆಯಿತು.

ನಿಮ್ಮ ಶ್ರೀಲತಾ