ಇಪ್ಪತ್ತರ ನಾಯಕಿಗೆ ಐವತ್ತರ ಗಿರಿಜಾ

ಮಗಳೇ ಚಾರು,

ಮಕ್ಕಳಿಗೆ ಬರೆಯುವಾಗ ಹೆಸರಿನ ಹಿಂದೆ ಆಯುಷ್ಯವನ್ನು ಹಾರೈಸುವ ಪದವೊಂದನ್ನು ಸೇರಿಸುವುದು ನಮ್ಮಲ್ಲಿ ಪದ್ಧತಿ. ಅದನ್ನು ಬಿಟ್ಟು ಬರೆಯುತ್ತಿರುವುದು ಇದೇ ಮೊದಲು. ಕ್ಷೇಮ ವಿಚಾರಣೆಯನ್ನೂ ಬಿಟ್ಟು ನೇರವಾಗಿ ವಿಷಯಕ್ಕೆ ಬರುತ್ತೇನೆ. ನಿನಗೂ ಅದೇ ಇಷ್ಟವಾಗುತ್ತಿತ್ತು. ನಿನ್ನ ನಾಟಕದ ಪಾತ್ರಹಂಚಿಕೆಯ ಬಗ್ಗೆ ನನಗೊಂದು ಪ್ರಶ್ನೆಯಿತ್ತು. ಉತ್ತರ ಹುಡುಕಲು ಹೊರಟವನಿಗೆ ಏನೇನು ಸಿಕ್ಕಿತೆಂಬುದನ್ನು ನಿನಗಲ್ಲದೆ ಇನ್ನಾರಿಗೆ ಒಪ್ಪಿಸಲಿ?

ಕಳೆದ ಚಳಿಗಾಲದ ಸಂಜೆಗಳು ನೆನಪಾಗುತ್ತವೆ. ಶಿಕಾಗೋ ಪಕ್ಕದ ಲಿಸ್ಲ್‌ನ ಆಫೀಸಿನಿಂದ ಬಂದವಳೇ ಹಿಮ ಮೆತ್ತಿದ ಬೂಟು ಕಳಚಿ, ಸೋಫಾದ ಮೇಲೆ ಕಾಲು ಮಡಚಿ ಕುಳಿತು, ಹಾಲಿವುಡ್ಡಿನ ಹಳೆಯ ಸಂಗೀತಮಯ ಚಿತ್ರವೊಂದನ್ನು ಹಾಕುತ್ತಿದ್ದೆ. ಒಂದು ದಿನ ಚಿತ್ರವನ್ನು ನಿಲ್ಲಿಸಿ ನನಗೆ ವಿವರಿಸಿದೆ. ರಂಗದ ಮೇಲೆ ಒಂದು ಪಾತ್ರವನ್ನು ವರ್ಷಗಟ್ಟಲೆ ಆಡಿ ಗೆಲ್ಲಿಸಿದವಳು ಒಬ್ಬಳು. ಅದೇ ಕಥೆ ಚಿತ್ರವಾದಾಗ ಸ್ಟುಡಿಯೋದವರು ಕರೆದದ್ದು ಪರದೆಯ ಮೇಲೆ ಹೆಸರಾದ ಇನ್ನೊಂದು ಮುಖವನ್ನು. ಆ ಮುಖಕ್ಕೆ ಹಾಡಲು ಬಾರದು. ಮರೆಯಲ್ಲಿ ನಿಂತು ಮೂರನೆಯವಳೊಬ್ಬಳು ಹಾಡಿದಳು, ಅವಳ ಹೆಸರು ಪರದೆಯ ಮೇಲೆ ಬರಲೇ ಇಲ್ಲ.

“ಸೋ ಅನ್‌ಫೇರ್, ಅಪ್ಪಾ” ಎಂದೆ.

“ನಮ್ಮ ಸಿನಿಮಾದಲ್ಲೂ ತುಟಿ ಒಬ್ಬರದು, ಕಂಠ ಇನ್ನೊಬ್ಬರದು. ಯಾರಿಗೆ ಅನ್ಯಾಯವಾಯ್ತು?”

“ಬಟ್ ಅಲ್ಲಿ ಸಿಂಗರ್ ಹೆಸರು ಎಲ್ರಿಗೂ ಗೊತ್ತು. ರೇಡಿಯೋದಲ್ಲಿ ಹೇಳ್ತಿದ್ರು ಅಂತ ನೀವೇ ಹೇಳಿದ್ರಿ. ಇಲ್ಲಿ ಹೈಡ್ ಮಾಡಿದ್ರು.”

“ಹಾಗಾದರೆ ನಿನ್ನ ಆಕ್ಷೇಪ ಹೆಸರು ಮುಚ್ಚಿಟ್ಟದ್ದಕ್ಕೆ, ಮುಖ ಆರಿಸಿದ್ದಕ್ಕಲ್ಲ. ಕ್ಯಾಮೆರಾ ಗೇಣು ದೂರಕ್ಕೆ ಬರುತ್ತೆ. ಹಣ ಹಾಕಿದವನು ಮುಖ ನೋಡಿದ್ದು ತಪ್ಪು ಅಂತ ಹೇಗೆ ಸಾಧಿಸ್ತೀಯ?”

“ಅಪ್ಪಾ, ದಟ್ಸ್ ನಾಟ್ ಆನ್ ಆರ್ಗ್ಯುಮೆಂಟ್. ದಟ್ಸ್ ಎ ಬಜೆಟ್.”

ಅಡುಗೆಮನೆಯಿಂದ ನಿನ್ನಮ್ಮ ಕೂಗಿದಳು: “ಇಬ್ರೂ ಊಟಕ್ಕೆ ಬನ್ನಿ. ಗೆದ್ದೋರಿಗೆ ಅಂತ ಬೇರೆ ಸಾರು ಮಾಡಿಲ್ಲ.”

ಮೈಸೂರಿನ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಚೀಟಿ ಎತ್ತಿದ ಮೇಲಷ್ಟೇ ನಾನು ಪರವೋ ವಿರೋಧವೋ ಎಂಬುದು ತೀರ್ಮಾನವಾಗುತ್ತಿತ್ತು. ಆ ಸಂಜೆಯೂ ಹಾಗೆಯೇ ವಾದಿಸಿದ್ದೆ. ನೀನು ಅದನ್ನು ಮನಸ್ಸಿಗೆ ಹಾಕಿಕೊಂಡೆಯೋ ಇಲ್ಲವೋ ಎಂದು ನಾನು ಯೋಚಿಸಲಿಲ್ಲ. ಹಿಮ ಕರಗುವ ಮುನ್ನ ಜ್ವರವೆಂದು ಆಸ್ಪತ್ರೆಗೆ ಹೋದ ನೀನು... ಆ ವಾಕ್ಯವನ್ನು ಮುಗಿಸುವುದು ನನಗಿನ್ನೂ ಸಾಧ್ಯವಾಗಿಲ್ಲ.

ಬೇಸಿಗೆಯಲ್ಲಿ ಕನ್ನಡ ಸಂಘದ ಅಧ್ಯಕ್ಷ ಶ್ರೀಧರ್ ಮನೆಗೆ ಬಂದದ್ದನ್ನು ಹೇಳಬೇಕು. ಶಿಕಾಗೋ, ಡೆಟ್ರಾಯಿಟ್ ಸಂಘಗಳು ಕೂಡಿ ರಾಜ್ಯೋತ್ಸವಕ್ಕೆ ನೀನು ಬರೆದಿಟ್ಟ ನಾಟಕವನ್ನೇ ಆಡುವುದೆಂದು ನಿಶ್ಚಯಿಸಿದ್ದವು. ಅಂಗಡಿಯಲ್ಲಿ ಕೆಲಸಕ್ಕಿರುವ ಇಪ್ಪತ್ತರ ಹುಡುಗಿ, ತಾಯಿಯ ವಿರೋಧವನ್ನು ಗೆದ್ದು ಹಾಡುಗಾರ್ತಿಯಾಗುವ ಕಥೆ. ಆ ಹುಡುಗಿಯ ಪಾತ್ರಕ್ಕೆ ನೀನು ಆರಿಸಿದ್ದು ಡೆಟ್ರಾಯಿಟ್ ಬಳಿಯ ವಾರೆನ್‌ನಲ್ಲಿ ಜೇಡಿಮಣ್ಣಿನಿಂದ ಕಾರುಗಳ ಮಾದರಿ ತಿದ್ದುವ, ಹುಬ್ಬಳ್ಳಿ ಕಡೆಯ ಗಿರಿಜಾ ಅವರನ್ನು.

“ಸಾರ್, ಬೇಜಾರು ಮಾಡ್ಕೋಬೇಡಿ” ಎಂದರು ಶ್ರೀಧರ್. “ಗಿರಿಜಾ ಅವರಿಗೆ ಐವತ್ತು ದಾಟಿದೆ. ಜನ ನಗ್ತಾರೆ. ವಾಯ್ಸ್ ಅವರದೇ ಇರ್ಲಿ, ರೆಕಾರ್ಡ್ ಮಾಡ್ಕೊಳ್ಳೋಣ. ಸ್ಟೇಜ್ ಮೇಲೆ ನಮ್ಮ ನೇಪರ್‌ವಿಲ್ ಹುಡುಗಿ ನಿಧಿ ಇರ್ತಾಳೆ. ಚಾರು ನಾಟಕ ಅಲ್ವಾ, ನೀವು ಹೂಂ ಅಂದ್ರೇನೇ ಮುಂದಕ್ಕೆ.”

ಸಂಘಕ್ಕೆ ಇದು ಹೊಸದೇನಲ್ಲ. ಇಲ್ಲಿ ಹುಟ್ಟಿದ ಮಕ್ಕಳ ನಾಲಿಗೆ ಕನ್ನಡದಲ್ಲಿ ತಡವರಿಸುತ್ತದೆಂದು ಹಿರಿಯರ ಕಂಠದಲ್ಲಿ ಮಾತು, ಹಾಡುಗಳನ್ನು ಮೊದಲೇ ರೆಕಾರ್ಡ್ ಮಾಡಿ, ವೇದಿಕೆಯ ಮೇಲೆ ಮಕ್ಕಳಿಂದ ತುಟಿಯಾಡಿಸುವುದು ನಮ್ಮವರ ವಾಡಿಕೆ. ಆ ಹಳೆಯ ಸ್ಟುಡಿಯೋಗಳು ಮಾಡಿದ್ದಕ್ಕೂ ಇದಕ್ಕೂ ವ್ಯತ್ಯಾಸವೆಲ್ಲಿ? ನನ್ನದೇ ವಾದದ ಪ್ರಕಾರ ನಾನು ಹೂಂ ಎನ್ನಬೇಕಿತ್ತು. ಆದರೆ ನೀನು ಗಿರಿಜಾ ಅವರನ್ನು ಆರಿಸಿದ್ದು ಏಕೆ? ಕೇವಲ ಕನಿಕರದಿಂದ ಆರಿಸಿದ್ದರೆ ಆ ಆಯ್ಕೆಯನ್ನು ಸಂಘದ ಮೇಲೆ ಹೇರುವ ಹಕ್ಕು ನನಗಿಲ್ಲ. ಯೋಚಿಸಿ ಆರಿಸಿದ್ದರೆ ಅದನ್ನು ಅಳಿಸುವ ಹಕ್ಕೂ ಇಲ್ಲ. ಕಾರಣ ತಿಳಿಯದೆ ಉತ್ತರ ಕೊಡಲಾರೆನೆಂದು ಹೇಳಿ ಅವರನ್ನು ಕಳುಹಿಸಿದೆ.

ನಿನ್ನ ಸೋಫಾದಲ್ಲಿ ಕುಳಿತು ಆ ಚಿತ್ರಗಳನ್ನು ಒಂದೊಂದಾಗಿ ನೋಡತೊಡಗಿದೆ. ನೀನಿದ್ದಾಗ ವಾದಿಸುವ ಭರದಲ್ಲಿ ಎಷ್ಟು ಕಡಿಮೆ ನೋಡಿದ್ದೆ! ಮೂವತ್ತು ದಾಟಿದವರು ಶಾಲೆಯ ಹುಡುಗರಾಗಿದ್ದರು. ತಾಯಿಯಾದವಳು ಮಗನ ಓರಗೆಯವಳಂತೆ ಕಂಡಳು. ಚೆನ್ನಾಗಿ ಕುಣಿಯಬಲ್ಲ ಗಂಡಸಿಗೆ ನೆತ್ತಿ ಬೋಳಾಗುವವರೆಗೂ ಪ್ರೇಮಿಯ ಪಾತ್ರ ಸಿಗುತ್ತಿತ್ತು; ಅವನೆದುರು ಕುಣಿಯುವವಳು ಮಾತ್ರ ಚಿತ್ರದಿಂದ ಚಿತ್ರಕ್ಕೆ ಎಳೆಯವಳಾಗುತ್ತಾ ಹೋದಳು. ವಯಸ್ಸಿನ ಲೆಕ್ಕ ಹಿಡಿದವರು ಯಾರ ಲೆಕ್ಕವನ್ನು ಹಿಡಿದಿದ್ದರು? ನಿನ್ನ ಆಯ್ಕೆ ಇದಕ್ಕೊಂದು ಉತ್ತರವಿರಬಹುದೆಂದು ಊಹಿಸಿದೆ. ಊಹೆ ಪ್ರಮಾಣವಲ್ಲ. ಆದ್ದರಿಂದ ಒಂದು ಶನಿವಾರ ವಾರೆನ್‌ಗೆ ಕಾರು ಓಡಿಸಿಕೊಂಡು ಹೋದೆ.

ಗಿರಿಜಾ ಅವರು ಬಾಗಿಲು ತೆರೆದಾಗಿನ ಅವರ ಮುಖ ಕಣ್ಣೆದುರಿಗಿದೆ. ನಿನ್ನ ಹೆಸರು ಹೇಳುವ ಮೊದಲೇ ಅವರು ಕಣ್ಣು ಒರೆಸಿಕೊಂಡರು. “ಬರ್ರಿ ಸರ್ರ, ಒಳಗ ಬರ್ರಿ. ಮೊದಲ ಚಾ ಕುಡೀರಿ, ಆಮ್ಯಾಲ ಪಾರ್ಟಿನಿಂದ ತಗೀರಿ ನನ್ನ.”

“ತೆಗೆಯಲು ಬಂದಿಲ್ಲ. ಅವಳು ನಿಮ್ಮನ್ನು ಏಕೆ ಆರಿಸಿದಳೆಂದು ಕೇಳಲು ಬಂದೆ.”

“ನಾನೂ ಅದನ್ನ ಕೇಳಿದ್ನಲ್ರಿ! ‘ಏನವಾ, ಕಣ್ಣು ಕಾಣ್ತಾವೋ ಇಲ್ಲೋ ನಿನಗ? ಮೊಣಕಾಲು ಹಿಡಕೊಂಡು ಮೆಟ್ಲಾ ಹತ್ತಾಕಿ ನಾ’ ಅಂದೆ.” ಅವರು ನಕ್ಕರು. “ಮೊದಲ ಆ ಪಾರ್ಟ್ ತನಗs ಅಂತ ಇಟ್ಕೊಂಡಿದ್ಳ್ರಿ ಆಕಿ. ‘ಆಂಟಿ, ನೀವು ಬರೇ ಹಾಡ್ರಿ, ನಾ ತುಟಿ ಆಡಿಸ್ತೀನಿ. ನಮ್ಮಪ್ಪಾರ ಹೇಳೋದ್ರಾಗ ಪಾಯಿಂಟ್ ಐತಿ’ ಅಂತ ಬಂದ್ಳು.”

ನೀನು ನನ್ನ ಪಕ್ಷಕ್ಕೆ ಬಂದಿದ್ದೆಯೇ? ಒಂದು ಮಾತೂ ಹೇಳದೆ?

“ಇಲ್ಲೇ ಪ್ರಾಕ್ಟೀಸ್ ನಡೀತ್ರಿ. ನನ್ನ ಉಸಿರು ನೋಡಿ ತುಟಿ ಕೂಡಿಸಬೇಕಲ್ಲ, ಎದುರಿಗೆ ನಿಂತು ನನ್ನs ನೋಡಾಕತ್ತಿದ್ಳು. ನಡಬರಕ ಬಾಯಿ ಮುಚ್ಚಿ ಸುಮ್ನ ನಿಂತ್ಳು. ‘ಯಾಕವಾ’ ಅಂದ್ರ, ‘ಆಂಟಿ, ನಿಮ್ಮನ್ನ ನೋಡ್ತಾ ನಾ ಆಕ್ಟ್ ಮಾಡೋದೇ ಮರ್ತೋಯ್ತು. ನನಗೇ ಹೀಗಾದ್ರೆ ಆಡಿಯನ್ಸ್‌ನ ಯಾಕೆ ಚೀಟ್ ಮಾಡ್ಲಿ?’ ಅಂದ್ಳು. ಅವತ್ತs ಹೀರೋಯಿನ್ ಪಾರ್ಟ್ ನನಗ ಕೊಟ್ಟು, ತಾಯಿ ಪಾರ್ಟ್ ತಾ ತಗೊಂಡ್ಳು. ಆ ತಾಯಿ ಮಾತೆಲ್ಲಾ ಹೊಸದಾಗಿ ಬರದ್ಳು.”

ಮಿಷಿಗನ್ನಿನ ಹೆದ್ದಾರಿಯಲ್ಲಿ ಹಿಂದಿರುಗುವಾಗ ನಾನು ತಿರುಗಬೇಕಾದ ಎಕ್ಸಿಟ್ ದಾಟಿ ಹೋಯಿತು. ನಾನು ಎಷ್ಟೋ ವಾದಗಳನ್ನು ಗೆದ್ದಿದ್ದೇನೆ. ಆದರೆ ನನ್ನ ವಾದವನ್ನು ತೆಗೆದುಕೊಂಡು ಹೋಗಿ, ಪರೀಕ್ಷಿಸಿ, ಸುಳ್ಳೆಂದು ಕಂಡು, ಸದ್ದಿಲ್ಲದೆ ಕೈಬಿಟ್ಟವರು ನಿನಗಿಂತ ಮೊದಲು ಯಾರೂ ಇರಲಿಲ್ಲ.

ಸಮಿತಿಯ ಸಭೆ ಶ್ರೀಧರ್ ಅವರ ಬೇಸ್‌ಮೆಂಟಿನಲ್ಲಿ ಸೇರಿತು. ಕಂಡದ್ದನ್ನು, ಕೇಳಿದ್ದನ್ನು ಹೇಳಿದೆ. ಚಾರು ಎರಡೂ ದಾರಿಗಳನ್ನು ತುಳಿದು ನೋಡಿದವಳು, ನಾವು ಒಂದನ್ನೂ ತುಳಿದಿಲ್ಲ, ಎಂದೆ. ಎಲ್ಲರೂ ನಿಧಿಯತ್ತ ನೋಡಿದರು. ನಷ್ಟವಾಗುವುದು ಆ ಹುಡುಗಿಗೆ ತಾನೆ? ಅವಳು ಫೋನು ಕೆಳಗಿಟ್ಟು ಕೇಳಿದಳು: “ಅಂಕಲ್, ಗಿರಿಜಾ ಆಂಟಿ ಟ್ವೆಂಟಿ ಆಗ್ಬಹುದು ಅಂದ್ರೆ ನಾನು ಯಾಕೆ ಅವರಿಗೆ ಅಮ್ಮ ಆಗ್ಬಾರ್ದು? ಐ ವಾಂಟ್ ದಟ್ ಪಾರ್ಟ್. ಬಟ್ ನೋ ರೆಕಾರ್ಡಿಂಗ್. ನನ್ನ ಕನ್ನಡ ಬ್ಯಾಡ್ ಆಗಿದ್ರೂ ನಂದೇ.”

ನವೆಂಬರಿನ ಆ ಶನಿವಾರ ಪ್ರೌಢಶಾಲೆಯ ಸಭಾಂಗಣ ತುಂಬಿತ್ತು. ಗಿರಿಜಾ ಅವರು ಎರಡು ಜಡೆ ಹಾಕಿಕೊಂಡು ಬಂದಾಗ ಜನ ನಕ್ಕರು. ಶ್ರೀಧರ್ ಹೇಳಿದ್ದು ಸುಳ್ಳಲ್ಲ. ಅವರು ಹಾಡಲು ಬಾಯಿ ತೆರೆದರು. ಮುಂದಿನ ಸಾಲಿನ ಮಗುವೂ ಸುಮ್ಮನಾಯಿತು. ಆಮೇಲೆ ತಾಯಿಯಾಗಿ ಬಂದಳು ನಿಧಿ: ತಲೆಗೆಲ್ಲ ಬಿಳಿ ಪೌಡರ್, ಕೈ ಹಿಂದಕ್ಕೆ ಕಟ್ಟಿ, ಗದ್ದ ಮೇಲೆತ್ತಿ, ಅಮೆರಿಕನ್ ರಾಗದಲ್ಲಿ: “ಮೊದಲು ನಿನ್ನ ಪಕ್ಷ ಯಾವುದು ಹೇಳು. ಆಮೇಲೆ ಅಳು.”

ಸಭಾಂಗಣವೇ ಬಿದ್ದುಹೋಗುವಂತೆ ನಕ್ಕಿತು. ಜನ ಏಕೆ ಹಿಂತಿರುಗಿ ನನ್ನತ್ತ ನೋಡುತ್ತಿದ್ದಾರೆಂದು ನನಗೆ ತಿಳಿಯಲಿಲ್ಲ. ನಿನ್ನಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಾ, ನಗುತ್ತಾ, ಕಿವಿಯಲ್ಲಿ ಹೇಳಿದಳು: “ನಿಮ್ದೇ ಮಾತು ರೀ ಅದು. ನಿಲ್ಲೋದೂ ನಿಮ್ಮ ಹಾಗೇ ಅಂತ ಬರೆದಿಟ್ಟಿದ್ದಾಳೆ.”

ಹಾಗಾದರೆ ನಾಯಕಿಯ ಪಾತ್ರವನ್ನು ಬಿಟ್ಟುಕೊಟ್ಟು ನೀನು ನಿನಗಾಗಿ ಉಳಿಸಿಕೊಂಡದ್ದು ನನ್ನನ್ನು! ಆ ಸಾಲನ್ನು ನಿನ್ನ ಬಾಯಲ್ಲಿ ಕೇಳಿದ್ದರೆ ನಾನು ಮುನಿಯುತ್ತಿದ್ದೆನೋ, ನಗುತ್ತಿದ್ದೆನೋ... ಅವತ್ತು ನಕ್ಕೆ, ಚಾರು. ಎಲ್ಲರ ಜೊತೆಗೆ, ಎಲ್ಲರಿಗಿಂತ ಹೆಚ್ಚು ಹೊತ್ತು.

ಇನ್ನೊಂದು ಸುದ್ದಿಯಿದೆ. ಯುಗಾದಿಗೆ ವಾರೆನ್ ಕಡೆಯವರು ನಾಟಕವನ್ನು ಮತ್ತೊಮ್ಮೆ ಆಡಿಸುತ್ತಿದ್ದಾರೆ. ನಿಧಿಗೆ ಪರೀಕ್ಷೆ, ಬರಲಾರಳು. ಗಿರಿಜಾ ಅವರು ಫೋನು ಮಾಡಿ, “ಸರ್ರ, ಆ ತಾಯಿ ಪಾರ್ಟಿಗೆ ನಿಮ್ಮನ್ನ ಬಿಟ್ರ ಯಾರದಾರ್ರಿ?” ಎಂದರು. ಹೆಣ್ಣುವೇಷ ಕಟ್ಟುವ ಗಂಡಸು ನಮ್ಮ ರಂಗಭೂಮಿಗೆ ಹೊಸಬನಲ್ಲವೆಂದು ಎರಡು ದಿನ ನನ್ನೊಡನೆ ನಾನೇ ವಾದಿಸಿ, ಒಪ್ಪಿಕೊಂಡೆ. ಸೀರೆ ನಿನ್ನಮ್ಮನದು. ಕಂಠ ನನ್ನದೇ.

ನಿನ್ನ ಅಪ್ಪ