ಸಮುದ್ರದ ದೇವಿಗೆ ಉಡಿ

ನೂರ್ಡ್‌ವೈಕ್

ಅವ್ವಾ, ಶರಣು.

ಒಂದು ಗುಳೇದಗುಡ್ಡದ ಖಣ ಕಳಸು. ಇಲ್ಲೆ ಈ ಪರದೇಶದಾಗ ನೆಹಲೆನ್ನಿಯಾ ಅಂತ ಸಮುದ್ರದ ಹಳೇ ದೇವಿ ಇದ್ದಾಳ, ಆಕಿ ಉಡಿ ತುಂಬಬೇಕು.

ಪಕ್ಕದ ಮನಿ ಮರೈಕೆ ಇವತ್ತಿಗೂ ಆಕಿಗೇ ನಡಕೋತಾಳ. "ದೇವಿನ್ನ ಕೆತ್ತಿದ ಕಲ್ಲುಗಳು ನೂರಾರು ವರ್ಷ ನೀರಾಗ ಮುಳುಗಿದ್ವು. ಒಂದಿನ ಮೀನುಗಾರರ ಬಲೆಯೊಳಗ ಮ್ಯಾಲೆ ಬಂದ್ವು. ನಮಗಿದು ಬರೇ ಕತಿ ಅಲ್ಲ. ಮುಳುಗಿದಲ್ಲೇ ಎಲ್ಲಾ ಮುಗಿಯೂದಿಲ್ಲ ಅಂತ ಆಕಿ ನಮಗ ಹೇಳೂದು," ಅಂದಳು.

ತಂಗಿ ನೀಲಾ ಮಲಪ್ರಭಾದಾಗ ಮುಳುಗಿ ಹೋದ ಮ್ಯಾಲೆ ನಾವಿಬ್ಬರೂ ಹೊಳಿ ಕಡೆ ಮುಖಾ ಮಾಡಿಲ್ಲ. ಮರೈಕೆ ಮಾತು ಕೇಳಿ ನಾನು ಈಜು ಕಲತೆ, ಅವ್ವಾ. ನಿನ್ನೆ ಸಮುದ್ರಕ್ಕ ಇಳದೆ. ತೆರಿ ದಾಟಿ ಹೋಗಿ, ನೀಲಾನ ಹೆಸರು ಜೋರಾಗಿ ಕೂಗಿ, ನಕ್ಕೋತ ದಂಡಿಗೆ ಬಂದೆ.

ನಿನ್ನ ಮಗಳು,
ಸ್ಮಿತಾ